ವೆರೋನದ ಮರಳುರಂಗ

ಲ್ಯಾಟಿನ್ ಭಾಷೆಯಲ್ಲಿ ‘ಅರೇನ’ ಎಂದರೆ ಮರಳು. ರೋಮನರ ಕಾಲದಲ್ಲಿ ಖಡ್ಗಧಾರಿಗಳಾದ ಮಲ್ಲರು ಪರಸ್ಪರ ಹೋರಾಡುವುದನ್ನೂ, ಕಾಡುಮೃಗಗಳೊಡನೆ ಮನುಷ್ಯರು ಸೆಣಸುವುದನ್ನೂ ಸಾವಿರಾರು ಜನ ಸುತ್ತಲೂ ಕುಳಿತು ನೋಡುತ್ತಿದ್ದರು. ನೆಲಕ್ಕೆ ಬಿದ್ದ ರಕ್ತವು ಹೀರಿಹೋಗಲೆಂದು ನಡುವಣ ಬಯಲಿಗೆ ಮರಳನ್ನು ಹರಡುತ್ತಿದ್ದರು. ಆ ಮರಳಿನ ಹೆಸರೇ ಕ್ರಮೇಣ ಬಯಲಿಗೂ, ಬಯಲಿನಿಂದ ಸುತ್ತಣ ಕಟ್ಟಡಕ್ಕೂ ಬಂದಿತು. ಈಗ ಪಾಶ್ಚಾತ್ಯರು ಛಾವಣಿಯುಳ್ಳ ದೊಡ್ಡ ದೊಡ್ಡ ಕ್ರೀಡಾಮಂದಿರಗಳಿಗೂ ಸಂಗೀತಸಭೆಗಳು ನಡೆಯುವ ಭಾರಿಯ ಮಂದಿರಗಳಿಗೂ ಇದೇ ಹೆಸರನ್ನು ಬಳಸುತ್ತಾರೆ. ಅಲ್ಲಿ ಹುಡುಕಿದರೂ ಮರಳಿನ ಒಂದು ಕಣ ಸಿಕ್ಕುವುದಿಲ್ಲ. ನಮ್ಮ ಸಂಸ್ಕೃತದ ‘ರಂಗ’ ಶಬ್ದವೂ ಹೀಗೆಯೇ ಎರಡು ಮನೆಗಳಲ್ಲಿ ಸಂಸಾರ ಮಾಡಿದೆ. ಕಂಸನ ಮಲ್ಲರು ಕೃಷ್ಣನಿಗಾಗಿ ಕಾದು ನಿಂತಿದ್ದ ಸ್ಥಳವೂ ರಂಗವೇ, ಸೂತ್ರಧಾರನು ಬಂದು ನಟಿಯನ್ನು ಕರೆಯುವ ಸ್ಥಳವೂ ರಂಗವೇ.

ಈ ಎರಡು ಅರ್ಥಗಳೂ ಒಂದೇ ಕಲ್ಲುಕಟ್ಟಡದಲ್ಲಿ ಕೂಡಿರುವುದನ್ನು ನೋಡಬೇಕಾದರೆ ಇಟಲಿಯ ಉತ್ತರಭಾಗದಲ್ಲಿರುವ ವೆರೋನ ನಗರಕ್ಕೆ ಹೋಗಬೇಕು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಕಟ್ಟಿದ ಅಲ್ಲಿನ ಅರೇನದಲ್ಲಿ ಬೇಸಗೆಯ ರಾತ್ರಿಗಳಲ್ಲಿ ಗಾನನಾಟಕಗಳನ್ನಾಡುವ ಪದ್ಧತಿ ೧೯೧೩ರಲ್ಲಿ ಮೊದಲಾಯಿತು. ಗಾನನಾಟಕವೆಂದರೆ ಅವರು ‘ಆಪೆರಾ’ ಎಂದು ಕರೆಯುವುದು. ಅಲ್ಲಿ ರಾಜನು ಅಪ್ಪಣೆ ಕೊಡುವುದೂ ಹಾಡಿನಲ್ಲಿ, ದೂತನು ಸುದ್ದಿ ತರುವುದೂ ಹಾಡಿನಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಬೇಸಗೆಯಲ್ಲಿ ಅಲ್ಲಿನ ಮೊದಲನೆಯ ಸಾಲಿನಲ್ಲಿ ಕುಳಿತು ‘ಆಯಿದಾ’ ಎಂಬ ನಾಟಕವನ್ನು ಕೇಳುವ ಯೋಗ ನಮಗೆ ಒದಗಿತು.

ನಮ್ಮ ಮಗಳೂ ಅಳಿಯಂದಿರೂ ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದಾರೆ. ಅಲ್ಲಿಂದ ವೆರೋನಕ್ಕೆ ರೈಲಿನಲ್ಲಿ ಐದೂವರೆ ಗಂಟೆಯ ಪ್ರಯಾಣ. ಆಸ್ಟ್ರಿಯ ದೇಶದ ಇನ್ಸ್‌ಬ್ರುಕ್ ಪಟ್ಟಣವನ್ನು ದಾಟಿ, ಬ್ರೆನ್ನರ್ ಎಂಬ ಘಟ್ಟವನ್ನೇರಿ ಇಳಿದರೆ ಇಟಲಿ. ಅಲ್ಲಿಂದ ಮುಂದಕ್ಕೆ ಆದಿಜೆ ನದಿಯ ಕಣಿವೆ ಸಿಕ್ಕುತ್ತದೆ; ಹಳಿಯ ಎರಡು ಪಕ್ಕಗಳಲ್ಲಿಯೂ ಸೇಬಿನ ತೋಟಗಳು, ಅವುಗಳ ಹಿಂದೆ ದ್ರಾಕ್ಷಿಯ ಚಪ್ಪರಗಳು, ಅವುಗಳ ಹಿಂದೆ ಬೋಳುಬಂಡೆಯ ಗೋಡೆಯಂತೆ ನಿಂತ ಪರ್ವತಗಳು. ದಕ್ಷಿಣಕ್ಕೆ ಬಂದಂತೆಲ್ಲ ಆ ಗೋಡೆಗಳು ಹಿಂದೆ ಸರಿದು, ಬಯಲು ತೆರೆಯುವ ಬಾಗಿಲಿನಲ್ಲಿ ವೆರೋನ ಕುಳಿತಿದೆ. ಆದಿಜೆಯು ಊರನ್ನು ಹಾವಿನ ಹಾಗೆ ಬಳಸಿಕೊಂಡು ಹರಿಯುತ್ತದೆ. ರೈಲುನಿಲ್ದಾಣದಿಂದ ನೇರವಾದ ಅಗಲದ ರಸ್ತೆಯೊಂದರಲ್ಲಿ ಇಪ್ಪತ್ತು ನಿಮಿಷ ನಡೆದು, ಗಡಿಯಾರವನ್ನು ಹೊತ್ತ ಜೋಡಿ ಕಮಾನುಗಳ ಹಳೆಯ ಕೋಟೆಬಾಗಿಲನ್ನು ಹೊಕ್ಕರೆ ಎದುರಿಗೆ ಬ್ರಾ ಎಂಬ ಚೌಕ. ಆ ಚೌಕದ ಒಂದು ಪಾರ್ಶ್ವವನ್ನೆಲ್ಲ ತುಂಬಿಕೊಂಡು ಅರೇನ.

ಕಟ್ಟಡದ ಕಲ್ಲು ಅದೇ ಸೀಮೆಯ ಗುಡ್ಡಗಳದು. ಒಂದು ತುಂಡು ಬಿಳುಪು, ಇನ್ನೊಂದು ನಸುಗೆಂಪು. ಸಂಜೆಯ ಬಿಸಿಲು ಬಿದ್ದಾಗ ಒಟ್ಟು ಗೋಡೆಯು ಹೊಸದಾಗಿ ಸುಟ್ಟ ಮಣ್ಣಿನ ಕುಡಿಕೆಯ ಬಣ್ಣಕ್ಕೆ ತಿರುಗುತ್ತದೆ. ಮೂಲದಲ್ಲಿ ಇದು ಸುಮಾರು ೧೫೨ ಮೀಟರು ಉದ್ದ, ೧೨೩ ಮೀಟರು ಅಗಲದ ಅಂಡಾಕೃತಿಯ ಕಟ್ಟಡವಾಗಿದ್ದು, ಹೊರಗಡೆ ಮೂರಂತಸ್ತಿನ ಪ್ರಾಕಾರವೊಂದಿತ್ತು. ೧೧೧೭ರಲ್ಲಿ ಆದ ಭೂಕಂಪದಲ್ಲಿ ಆ ಪ್ರಾಕಾರದ ಬಹುಭಾಗ ಉರುಳಿತು. ಬಿದ್ದ ಕಲ್ಲುಗಳನ್ನು ಊರಿನವರು ತಮ್ಮ ತಮ್ಮ ಕಟ್ಟಡಗಳಿಗೆ ಸಾಗಿಸಿಕೊಂಡರು. ಈಗ ಅದರ ಗುರುತಿಗಾಗಿ ನಾಲ್ಕೇ ಕಮಾನುಗಳ ಒಂದು ತುಂಡು ಒಂಟಿಯಾಗಿ ನಿಂತಿದೆ. ಅದನ್ನು ಅಲ್ಲಿಯವರು ‘ರೆಕ್ಕೆ’ ಎನ್ನುತ್ತಾರೆ. ಮೈಯನ್ನು ಕಳೆದುಕೊಂಡ ಹಕ್ಕಿಯ ರೆಕ್ಕೆಯ ಹಾಗೆಯೇ ಅದು ಕಾಣುವುದೂ ನಿಜ. ಒಳಗಣ ಸುತ್ತು ಮಾತ್ರ ಎಪ್ಪತ್ತೆರಡು ಕಮಾನುಗಳ ಎರಡಂತಸ್ತಿನಲ್ಲಿ ಪೂರ್ಣವಾಗಿ ಉಳಿದಿದೆ; ಅದರೊಳಗೆ ನಲವತ್ತಕ್ಕೂ ಮಿಕ್ಕ ಕಲ್ಲುಮೆಟ್ಟಲುಗಳ ಸಾಲು, ನಮ್ಮ ದೊಡ್ಡ ಕಲ್ಯಾಣಿಯೊಂದರ ಸೋಪಾನಗಳಂತೆ, ನಾಲ್ಕು ಕಡೆಯಿಂದಲೂ ಮರಳಿನ ಕಡೆಗೆ ಇಳಿದುಬರುತ್ತದೆ. ಕಲ್ಯಾಣಿಯಲ್ಲಿ ನೀರಿರುವ ಕಡೆ ಇಲ್ಲಿ ಮನುಷ್ಯರಿದ್ದರು, ಅಷ್ಟೇ ವ್ಯತ್ಯಾಸ.

ಆ ಮರಳು ಕಂಡದ್ದನ್ನೆಲ್ಲ ಹೇಳಹೊರಟರೆ ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಒಪ್ಪದು. ಒಂದನ್ನು ಮಾತ್ರ ಹೇಳುತ್ತೇನೆ. ೧೨೭೮ರಲ್ಲಿ, ರೋಮಿನ ಧರ್ಮಪೀಠವು ಒಪ್ಪದ ಮತವೊಂದನ್ನು ಅನುಸರಿಸಿದರೆಂಬ ಕಾರಣಕ್ಕಾಗಿ, ಸುಮಾರು ಇನ್ನೂರು ಮಂದಿಯನ್ನು ಇದೇ ಅರೇನದಲ್ಲಿ ಜೀವಸಹಿತ ಸುಟ್ಟರು. ಖಡ್ಗಮಲ್ಲರ ಕಾಲವು ಅಳಿದು ಎಷ್ಟೋ ಶತಮಾನಗಳಾದ ಮೇಲೆ ನಡೆದ ಸಂಗತಿ ಇದು. ನಮ್ಮ ಶಾಕುಂತಲವನ್ನು ಅನುವಾದದಲ್ಲಿ ಓದಿ ಮನಸಾರೆ ಕೊಂಡಾಡಿದ ಜರ್ಮನ್ ಕವಿ ಗಯಟೆಯು ೧೭೮೬ರಲ್ಲಿ ಇಟಲಿಗೆ ಬಂದಾಗ ಮೊದಲು ಕಂಡ ಪ್ರಾಚೀನ ಮಹಾಕಟ್ಟಡವೂ ಇದೇ. ಇಂಥ ಕಟ್ಟಡವನ್ನು ಬರಿದಾಗಿ ನೋಡಬಾರದು, ಜನರು ತುಂಬಿರುವಾಗ ನೋಡಬೇಕು. ಸುತ್ತಲೂ ಕುಳಿತ ಜನರಿಗೆ ತಮ್ಮ ಸಮೂಹವೇ ಒಂದು ದೊಡ್ಡ ನೋಟವಾಗುತ್ತದೆ ಎಂಬರ್ಥದ ಮಾತನ್ನು ಅವನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಅವನು ಬಂದ ದಿನ ಅರೇನ ಬರಿದಾಗಿತ್ತು. ಆ ಮಟ್ಟಿಗೆ ನಮ್ಮ ಭಾಗ್ಯ ಗಯಟೆಯದಕ್ಕಿಂತ ಹೆಚ್ಚಿನದು.

ಈ ಹಾಳುಗೋಡೆಗಳೊಳಗೆ ಹಾಡಬಹುದೆಂದು ಯೋಚಿಸಿದವನು ಜೊವಾನಿ ಜೆನಾತೆಲ್ಲೊ ಎಂಬ ಗಾಯಕ, ವೆರೋನದ ಸೀಮೆಯವನೇ. ೧೯೧೩ನೆಯ ಇಸವಿಯು ಇಟಲಿಯ ಮಹಾವಾಗ್ಗೇಯಕಾರ ಜುಸೆಪ್ಪೆ ವೆರ್ದಿಯು ಹುಟ್ಟಿ ನೂರು ತುಂಬಿದ ವರ್ಷ. ಕೆಲವು ಮಿತ್ರರನ್ನು ಕರೆದುಕೊಂಡು ಅರೇನಕ್ಕೆ ಹೋಗಿ ಮರಳಿನ ಮೇಲೆ ನಿಂತು ಹಾಡಿ, ಮೆಟ್ಟಲುಗಳ ಮೇಲೆ ಅವರನ್ನು ಅಲ್ಲಲ್ಲಿ ಕೂರಿಸಿ ಕೇಳಿಸಿತೆಂದು ಖಚಿತ ಮಾಡಿಕೊಂಡು, ಆಗಸ್ಟ್ ೧೦ರಂದು ‘ಆಯಿದಾ’ ನಾಟಕವನ್ನು ಆಡಿಸಿಯೇಬಿಟ್ಟನು. ವಾದ್ಯಮೇಳವನ್ನು ನಡಸಿದವನು ತೂಲಿಯೊ ಸೆರಾಫಿನ್. ರಂಗಸಜ್ಜಿಕೆಯನ್ನು ರೂಪಿಸಿದವನು ಎತ್ತೊರೆ ಫಜುವೋಲಿ. ಅಂದಿನಿಂದ ಎರಡು ಮಹಾಯುದ್ಧಗಳ ಕಾಲವನ್ನೂ ೨೦೨೦ರ ಸಾಂಕ್ರಾಮಿಕದ ವರ್ಷವನ್ನೂ ಬಿಟ್ಟರೆ ಈ ಉತ್ಸವವು ಕ್ರಮವಾಗಿ ನಡೆದುಬಂದು, ೨೦೨೩ರಲ್ಲಿ ಅದರ ನೂರನೆಯ ಆವೃತ್ತಿಯಾಯಿತು. ಜಗತ್ಪ್ರಸಿದ್ಧಳಾದ ಮರಿಯಾ ಕಾಲಸ್ ಇಟಲಿಯಲ್ಲಿ ಮೊದಲು ಹಾಡಿದುದೂ ಇಲ್ಲಿಯೇ, ೧೯೪೭ರಲ್ಲಿ. ಆಗ ಆಕೆಗೆ ಇಪ್ಪತ್ತಮೂರು ವರ್ಷ. ೧೯೧೩ರ ಆ ದೃಶ್ಯಗಳನ್ನು ಹಳೆಯ ಚಿತ್ರಗಳ ಆಧಾರದಿಂದ ಪುನಃ ಜೋಡಿಸಿ ೧೯೮೨ರಿಂದೀಚೆಗೆ ಆಗಾಗ ಆಡುವುದುಂಟು. ನಾವು ನೋಡಿದುದು ಆ ಸಜ್ಜಿಕೆಯನ್ನೇ.

ಇನ್ನು, ಸಂಸ್ಕೃತ ಓದಿದವನಿಗೆ ಈ ಸ್ಥಳದಲ್ಲಿ ಭರತಮುನಿಯ ನೆನಪಾಗದೆ ಹೋಗದು. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಮುನಿಯು ನಾಟ್ಯಮಂಟಪದ ಅಳತೆಗಳನ್ನು ಹೇಳುತ್ತ, ಮನುಷ್ಯರಿಗೆ ಅರುವತ್ತುನಾಲ್ಕು ಹಸ್ತ ಉದ್ದ, ಮೂವತ್ತೆರಡು ಹಸ್ತ ಅಗಲ ಸಾಕೆಂದೂ ಅದನ್ನು ಮೀರಬಾರದೆಂದೂ ವಿಧಿಸುತ್ತಾನೆ. ಮೀರಿದರೆ ನಟನು ನುಡಿದುದು ದೂರದಲ್ಲಿ ಕುಳಿತವನಿಗೆ ವಿಸ್ವರವಾಗುತ್ತದೆ, ಮುಖದ ಭಾವವು ಅಸ್ಪಷ್ಟವಾಗುತ್ತದೆ ಎಂದು ಎರಡು ಕಾರಣಗಳನ್ನೂ ಕೊಡುತ್ತಾನೆ. ಹಸ್ತವೆಂದರೆ ಒಂದೂವರೆ ಅಡಿಯೆಂದು ಹಿಡಿದರೆ ತೊಂಬತ್ತಾರು ಅಡಿಗೆ ನಲವತ್ತೆಂಟು ಅಡಿ. ವೆರೋನದಲ್ಲಿ ನಡುವಣ ಮರಳಿನ ಬಯಲೊಂದೇ ೭೦ ಮೀಟರಿಗೂ ಮಿಕ್ಕ ಉದ್ದ, ೪೪ ಮೀಟರಿನಷ್ಟು ಅಗಲ. ಅಂದರೆ ಭರತನ ಮಂಟಪಗಳನ್ನು ಕೆಲವನ್ನಾದರೂ ಆ ಮರಳಿನಲ್ಲಿಯೇ ಹರಡಬಹುದು. ಮೆಟ್ಟಲುಗಳ ಲೆಕ್ಕ ಬೇರೆ. ಅದರ ಮೇಲೆ ಛಾವಣಿಯಿಲ್ಲ. ನಾಟ್ಯಗೃಹವು ಪರ್ವತದ ಗುಹೆಯಂತಿರಬೇಕು, ಗಾಳಿ ನುಗ್ಗಬಾರದು, ಆಗ ಧ್ವನಿಯು ಗಂಭೀರವಾಗುತ್ತದೆ ಎಂಬುದು ಮುನಿಯ ಮತ. ಇಲ್ಲಿಯ ಗುಹೆಗೆ ನಕ್ಷತ್ರಗಳೇ ಮಾಡು. ಮುನಿಯು ಸರಿಯೋ ಜೆನಾತೆಲ್ಲೊ ಸರಿಯೋ ಎಂಬ ವ್ಯಾಜ್ಯವನ್ನು ತಲೆಯಲ್ಲಿಟ್ಟುಕೊಂಡೇ ನಾನು ಮ್ಯೂನಿಕ್ಕಿನಿಂದ ಹೊರಟದ್ದು.

ನಮಗೆ ಮೊದಲನೆಯ ಸಾಲು ಹೇಗೆ ಬಂತೆಂಬುದನ್ನು ಹೇಳಬೇಕು. ಅದು ಬೆಲೆಯಲ್ಲಿ ಮೇಲಣ ಕಲ್ಲುಮೆಟ್ಟಲಿನ ಜಾಗಕ್ಕಿಂತ ಎಂಟು ಹತ್ತು ಪಟ್ಟು ಹೆಚ್ಚಿನದು. ಮೇಷ್ಟ್ರ ಪಿಂಚಣಿಗೆ ಎಟುಕತಕ್ಕದ್ದಲ್ಲ. ನನ್ನ ಸಹಧರ್ಮಿಣಿಯು ಬಾಲ್ಯದಲ್ಲಿ ಎಂಟು ವರ್ಷ ವೀಣೆ ಕಲಿತವಳು. ಮದುವೆಯಾದ ಮೇಲೂ ಸಂಜೆ ದೀಪ ಹಚ್ಚಿದ ತರುವಾಯ ಅರ್ಧಗಂಟೆ ನುಡಿಸುವುದನ್ನು ಬಿಟ್ಟವಳಲ್ಲ. ಐವತ್ತೈದು ದಾಟಿದ ಮೇಲೆ ಆಕೆಯ ಕಿವಿಗಳು ಮಂದವಾಗುತ್ತ ಬಂದವು. ಇಂಥ ಮಾಂದ್ಯದ ಸ್ವಭಾವವನ್ನು ಅನುಭವಿಸದವರು ಅರಿಯರು: ಸಣ್ಣ ಸದ್ದು ಕೇಳಿಸುವುದೇ ಇಲ್ಲ, ದೊಡ್ಡ ಸದ್ದು ಕೇಳಿಸಿದೊಡನೆಯೇ ನೋಯಿಸುತ್ತದೆ, ಎರಡರ ನಡುವಣ ಎಡೆ ದಿನೇ ದಿನೇ ಕಿರಿದಾಗುತ್ತ ಹೋಗುತ್ತದೆ. ಈಗಿನ ನಮ್ಮ ಕಚೇರಿಗಳಲ್ಲಿ, ಇನ್ನೂರು ಜನ ಹಿಡಿಯುವ ಚಿಕ್ಕ ಮಂದಿರಕ್ಕೂ ನಾಲ್ಕು ಮೂಲೆಗಳಲ್ಲಿ ಆಳೆತ್ತರದ ಧ್ವನಿವರ್ಧಕಗಳನ್ನು ನಿಲ್ಲಿಸುವುದು ಸಂಪ್ರದಾಯವಾಗಿದೆ. ಮೃದಂಗದ ಒಂದೊಂದು ಘಾತವೂ ಆಕೆಗೆ ಏಟು ಬಿದ್ದಂತಾಗುತ್ತಿತ್ತು. ಗಾಯಕನ ಗಮಕವು ಆ ಗದ್ದಲದಲ್ಲಿ ಎಲ್ಲಿಯೋ ಅಡಗಿಹೋಗುತ್ತಿತ್ತು. ಕಿವಿಗೆ ಯಂತ್ರವನ್ನು ಹಾಕಿಸಿದೆವು. ಅದು ಮಾತಿಗೆ ನೆರವಾಯಿತೇ ಹೊರತು ಸಂಗೀತಕ್ಕಾಗಲಿಲ್ಲ. ಎರಡು ವರ್ಷಗಳಿಂದ ಆಕೆ ಕಚೇರಿಗಳಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಗದ್ದವನ್ನು ವೀಣೆಯ ದಂಡಿಗೆ ತಾಗಿಸಿ, ಮೂಳೆಯ ಮೂಲಕ ಒಂದಿಷ್ಟು ಕೇಳಿಕೊಳ್ಳುತ್ತ ಕೆಲಕಾಲ ನುಡಿಸಿದಳು. ಆಮೇಲೆ ವೀಣೆಗೆ ಗವಸು ಬಿದ್ದಿತು.

ಧ್ವನಿವರ್ಧಕವೆಂಬುದು ಇನ್ನೂ ಬಾರದಿದ್ದ ಕಾಲದ ರೀತಿಯಲ್ಲಿ, ಬರಿಯ ಕಂಠದಿಂದಲೇ ಹಾಡುವ ಸ್ಥಳವೊಂದುಂಟೆಂದು ತಿಳಿದ ಮಗಳು, “ಅಮ್ಮನನ್ನು ಒಂದು ಸಲ ಅಲ್ಲಿ ತೀರಾ ಮುಂದೆ ಕೂರಿಸಿ ನೋಡೋಣ ಅಪ್ಪಾ” ಎಂದಳು. ನಮ್ಮಿಬ್ಬರಿಗೆ ಮೊದಲ ಸಾಲಿನ ಎರಡು ಚೀಟಿಗಳನ್ನು ಕೊಂಡು, ತಾನೂ ಗಂಡನೂ ಮೇಲಣ ಮೆಟ್ಟಲುಗಳಿಗೆ ಸಾಮಾನ್ಯದ ಚೀಟಿಗಳನ್ನು ಕೊಂಡಳು. ಇದರಿಂದ ಫಲವಾಗುವುದೆಂಬ ನಂಬಿಕೆ ನನಗೆ ಇರಲಿಲ್ಲ. ಆಕೆಗಂತೂ ಮೊದಲೇ ಇಲ್ಲ.

ಆಟ ಮೊದಲಾಗುವುದು ರಾತ್ರಿ ಒಂಬತ್ತರ ಮೇಲೆ. ಆ ದೇಶದ ಬೇಸಗೆಯಲ್ಲಿ ಬೆಳಕು ಆರುವುದೇ ಅಷ್ಟು ಹೊತ್ತಿಗೆ. ಮುಂದಿನ ಸಾಲುಗಳಿಗೆ ಬರುವವರು ಒಳ್ಳೆಯ ಉಡುಪಿನಲ್ಲಿ ಬರಬೇಕೆಂಬುದು ಮರ್ಯಾದೆ. ನಾನು ಜರಿಯಂಚಿನ ಪಂಚೆ, ಶಲ್ಯ. ಆಕೆ ಮೈಸೂರು ರೇಷ್ಮೆಯ ಸೀರೆ. ನಮ್ಮನ್ನು ಯಾವುದೋ ಸಂಸ್ಥಾನದವರೆಂದು ಭಾವಿಸಿದನೋ ಏನೋ, ಜಾಗ ತೋರಿಸುವ ಹುಡುಗನು ಬಹಳ ಬಗ್ಗಿ ನಡೆದುಕೊಂಡನು. ಕೆಂಪು ಮೆತ್ತೆಯ ಕುರ್ಚಿಗಳು, ಎದುರಿಗೆ ಒಂದು ಗಿಡ್ಡಗೋಡೆ, ಗೋಡೆಯಾಚೆ ತಗ್ಗಿನಲ್ಲಿ ವಾದ್ಯಮೇಳ, ಮೇಳದಾಚೆ ರಂಗ. ರಂಗವು ಅಂಡಾಕೃತಿಯ ಒಂದು ತುದಿಯನ್ನೆಲ್ಲ ಆಕ್ರಮಿಸಿ ಹಿಂದಣ ಮೆಟ್ಟಲುಗಳನ್ನೂ ಏರಿಹೋಗಿದೆ. ಬಣ್ಣ ಬಳಿದ ಕಂಬಗಳು, ಸೂಜಿಯಂತೆ ನಿಂತ ಶಿಲಾಸ್ತಂಭಗಳು, ಸಿಂಹದ ಮೈಯೂ ಮನುಷ್ಯನ ಮುಖವೂ ಉಳ್ಳ ವಿಗ್ರಹಗಳು; ಈಜಿಪ್ಟ್ ದೇಶವನ್ನು ಅಲ್ಲಿಗೆ ಹೊತ್ತು ತಂದಿದ್ದರು.

ಬೆಳಕು ಮಂಕಾದಂತೆ ಹಿಂದಿನಿಂದ ಒಂದು ಗುಜುಗುಜು ಎದ್ದಿತು. ತಿರುಗಿ ನೋಡಿದರೆ ಮೆಟ್ಟಲುಗಳ ಮೇಲೆ ಕುಳಿತವರು ಚಿಕ್ಕ ಚಿಕ್ಕ ಮೇಣದ ಬತ್ತಿಗಳನ್ನು ಹಚ್ಚುತ್ತಿದ್ದರು. ಒಬ್ಬರ ಬತ್ತಿಯಿಂದ ಮತ್ತೊಬ್ಬರದು, ಸಾಲಿನಿಂದ ಸಾಲಿಗೆ. ಹಿಂದೆ ನಾಟಕದ ಪುಸ್ತಕವನ್ನು ಕತ್ತಲೆಯಲ್ಲಿ ಓದಿಕೊಳ್ಳುವುದಕ್ಕಾಗಿ ಹಚ್ಚುತ್ತಿದ್ದರಂತೆ. ಪ್ರಯೋಜನವು ಹೋಗಿ ಆಚಾರವು ಉಳಿದಿದೆ. ಕಾರ್ತಿಕದ ಲಕ್ಷದೀಪೋತ್ಸವವನ್ನು ಕಂಡವರಿಗೆ ನಾನು ವರ್ಣಿಸಬೇಕಾದುದಿಲ್ಲ. ಇಷ್ಟನ್ನು ಹೇಳಬೇಕು: ಈ ದೀಪಗಳನ್ನು ನೋಡಬೇಕಾದರೆ ಮೊದಲ ಸಾಲಿನವನು ರಂಗಕ್ಕೆ ಬೆನ್ನು ಮಾಡಬೇಕು. ಬೆಲೆಯುಳ್ಳ ಕುರ್ಚಿಯ ಮೊದಲನೆಯ ದೋಷ ಇದು. ಆ ವೇಳೆಗೆ ಈಜಿಪ್ಟಿನ ವೇಷದ ಹುಡುಗಿಯೊಬ್ಬಳು ಬಂದು ದೊಡ್ಡ ಜಾಗಟೆಯನ್ನು ಬಾರಿಸಿದಳು. ದೀಪಗಳು ಆರಿದುವು.

ಕಥೆ ಸರಳವಾದುದು. ಆಯಿದಾ ಇಥಿಯೋಪಿಯ ದೇಶದ ರಾಜಪುತ್ರಿ. ಸೆರೆಸಿಕ್ಕಿ ಈಜಿಪ್ಟಿನ ರಾಜಕುಮಾರಿಗೆ ದಾಸಿಯಾಗಿದ್ದಾಳೆ. ಈಜಿಪ್ಟಿನ ಸೇನಾನಿ ರದಾಮೆಸ್ ಎಂಬವನು ಈ ದಾಸಿಯನ್ನು ಪ್ರೀತಿಸುತ್ತಾನೆ. ಅವನನ್ನು ರಾಜಕುಮಾರಿಯು ಪ್ರೀತಿಸುತ್ತಾಳೆ. ಅವನು ಆಯಿದಾಳ ದೇಶವನ್ನೇ ಗೆದ್ದು ಬರುತ್ತಾನೆ. ಆಮೇಲೆ ಆಕೆಯ ಮೋಹಕ್ಕೆ ಸಿಕ್ಕಿ ಸೇನೆಯ ಗುಟ್ಟನ್ನು ಬಾಯಿಬಿಟ್ಟು, ಜೀವಸಹಿತ ಗೋರಿಯಲ್ಲಿ ಮುಚ್ಚಲ್ಪಡುತ್ತಾನೆ. ಆಯಿದಾ ಮೊದಲೇ ಆ ಗೋರಿಯೊಳಗೆ ಅಡಗಿ ಕುಳಿತಿರುತ್ತಾಳೆ. ಇದು ಮೊದಲು ಕೈರೋ ನಗರದಲ್ಲಿ ೧೮೭೧ರ ಡಿಸೆಂಬರಿನಲ್ಲಿ ಆಡಲ್ಪಟ್ಟಿತು.

ಮೊದಲ ಸಾಲಿನಲ್ಲಿ ಕಾಣುವುದೇನು? ಎಲ್ಲವೂ ಕಾಣುತ್ತದೆ, ಅದೇ ಕಷ್ಟ. ರದಾಮೆಸನಿಗೆ ತೆರೆಯೆದ್ದ ಕೆಲವು ನಿಮಿಷಗಳಲ್ಲಿಯೇ, ಕಂಠವು ಇನ್ನೂ ಹದಕ್ಕೆ ಬಾರದಿರುವಾಗಲೇ, ಒಂದು ಕಠಿನವಾದ ಹಾಡು. ಅದರ ಕೊನೆಯ ತಾರಸ್ವರವನ್ನು ಮೆಲ್ಲಗೆ ಕರಗಿಸಬೇಕೆಂದು ವೆರ್ದಿಯು ಬರೆದಿದ್ದಾನೆ. ಬಹುಮಂದಿ ಗಾಯಕರು ಗಟ್ಟಿಯಾಗಿ ಹಾಡಿ ಕರತಾಡನವನ್ನು ಗಿಟ್ಟಿಸಿಕೊಂಡು ಹೋಗುತ್ತಾರೆ. ನಮ್ಮ ರದಾಮೆಸನೂ ಅದನ್ನೇ ಮಾಡಿದನು. ಅವನ ಪಕ್ಕೆಲುಬುಗಳು ತಿದಿಯಂತೆ ಅಗಲವಾಗುವುದೂ, ಹಣೆಗೆ ಬಳಿದ ಬಣ್ಣವು ಬೆವರಿನೊಡನೆ ಕೆನ್ನೆಗೆ ಇಳಿಯುವುದೂ ನಮಗೆ ಕಂಡಿತು. ವಾದ್ಯಮೇಳದವರು ತಮ್ಮ ಸ್ವರಪತ್ರಗಳು ಗಾಳಿಗೆ ಹಾರದಂತೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಿಕ್ಕಿಸಿದ್ದರು; ದೀಪದ ಹುಳುಗಳನ್ನು ಒಂದು ಕೈಯಿಂದ ಓಡಿಸುತ್ತ ಮತ್ತೊಂದು ಕೈಯಿಂದ ಹಾಳೆ ಮಗುಚುತ್ತಿದ್ದರು. ಮೇಳದ ನಾಯಕನು ಕೋಲನ್ನು ಎತ್ತುವಾಗ ಉಸಿರೆಳೆದುಕೊಳ್ಳುವ ಸದ್ದು ಕೂಡ ಕೇಳಿಸುತ್ತಿತ್ತು.

ಆದರೆ ಕಂಠ? ಅದು ಮೇಳದ ಮೇಲಿಂದ ಹಾರಿ ನಮ್ಮ ತಲೆಗಳನ್ನೂ ದಾಟಿ ಎಲ್ಲಿಗೋ ಹೋಗುತ್ತಿದ್ದಂತೆ ನನಗೆ ತೋರಿತು. ನಮಗೆ ಎದುರಾಗಿ ಇದ್ದುವು ಆಳೆತ್ತರದ ತಗ್ಗುಸ್ವರದ ಪಿಟೀಲುಗಳು. ಅವುಗಳ ಗುಂಗು ನೆಲವನ್ನು ಹಿಡಿದು ಕುರ್ಚಿಯ ಕಾಲುಗಳ ಮೂಲಕ ಮೈಗೆ ಏರುತ್ತಿತ್ತು. ನನ್ನ ಸಹಧರ್ಮಿಣಿಯು ಅಂಗೈಯನ್ನು ಕುರ್ಚಿಯ ತೋಳಿನ ಮೇಲೆ ಚಪ್ಪಟೆಯಾಗಿ ಇಟ್ಟಿದ್ದುದನ್ನು ಕಂಡೆ. ಕಿವಿಯತ್ತ ಬೆರಳು ತೋರಿಸಿ ‘ಹೇಗೆ?’ ಎಂದು ಸನ್ನೆ ಮಾಡಿದೆ. ಆಕೆ ತಲೆಯಾಡಿಸಿ, “ಬಾಯಿ ಆಡುವುದು ಕಾಣಿಸುತ್ತದೆ” ಎಂದಳು.

ಎರಡನೆಯ ಅಂಕದ ಜಯೋತ್ಸವಕ್ಕೆ ವೆರ್ದಿಯು ನೇರವಾದ ಉದ್ದನೆಯ ಕಹಳೆಗಳನ್ನೇ ಬೇರೆಯಾಗಿ ಮಾಡಿಸಿದ್ದನು. ಮೂರು ಕಹಳೆಗಳ ಒಂದು ತಂಡ ಒಂದು ಶ್ರುತಿಯಲ್ಲಿ ಊದಿ ನಿಲ್ಲಿಸಿದರೆ, ಇನ್ನೊಂದು ತಂಡವು ಅದೇ ಧಾಟಿಯನ್ನು ಮೇಲಿನ ಶ್ರುತಿಯಲ್ಲಿ ಎತ್ತಿಕೊಳ್ಳುತ್ತದೆ. ಸೇನೆಯು ಇನ್ನೂ ಎತ್ತರದ ದಿಬ್ಬವೊಂದನ್ನು ಏರಿದಂತೆ ಭಾಸವಾಗುತ್ತದೆ. ಗುಬ್ಬಿ ಕಂಪೆನಿಯವರು ಕುರುಕ್ಷೇತ್ರದಲ್ಲಿ ರಂಗದ ಮೇಲೆ ಆನೆ ಕುದುರೆಗಳನ್ನು ತಂದ ಕಥೆಯನ್ನು ನಮ್ಮ ತಂದೆಯವರು ಹೇಳುತ್ತಿದ್ದುದು ನೆನಪಾಯಿತು. ಈ ಅರೇನದಲ್ಲಿಯೂ ಹಿಂದೆ ಅವುಗಳನ್ನು ತಂದದ್ದುಂಟು. ನಮ್ಮ ರಾತ್ರಿ ಬಂದವರು ಮನುಷ್ಯರು ಮಾತ್ರ, ಆದರೆ ನೂರಾರು ಮಂದಿ. ಅವರಲ್ಲಿ ನಮಗೆ ಕಂಡುದು ಮುಂದಿನ ಸಾಲಿನವರ ಕಾಲುಗಳು. ಹಿಂದಿನವರೆಲ್ಲ ಅವುಗಳ ಹಿಂದೆ ಮರೆ. ಮೆರವಣಿಗೆಯನ್ನು ಉಪ್ಪರಿಗೆಯಿಂದ ನೋಡಬೇಕೇ ಹೊರತು ಬೀದಿಯಲ್ಲಿ ನಿಂತಲ್ಲ. ಕಹಳೆಗಳು ಎದ್ದೊಡನೆ ಆಕೆ ಕಿವಿಯ ಯಂತ್ರವನ್ನು ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಎರಡು ಕೈಗಳಿಂದಲೂ ಕಿವಿ ಮುಚ್ಚಿದಳು. ಅಷ್ಟು ಹಣ ತೆತ್ತು ಅಷ್ಟು ದೂರ ಬಂದುದು ಇದಕ್ಕೇ ಆಯಿತಲ್ಲಾ ಎಂದು ನನ್ನ ಮನಸ್ಸು ಕಹಿಯಾಯಿತು.

ವಿರಾಮದಲ್ಲಿ ಮಗಳು ಇ ಳಿದುಬಂದಳು. “ನೀವು ಸ್ವಲ್ಪ ಹೊತ್ತು ಮೇಲೆ ಹೋಗಿ ಅಪ್ಪಾ, ಅಲ್ಲಿ ಬೇರೆಯೇ ಆಟ. ಅಮ್ಮನ ಹತ್ತಿರ ನಾನಿರುತ್ತೇನೆ” ಎಂದು ತನ್ನ ಚೀಟಿಯನ್ನು ಕೊಟ್ಟಳು. ನಾನು ಕಮಾನುಗಳ ಓಣಿಯಲ್ಲಿ ಸುತ್ತಿಹೋಗಿ, ಮೊಣಕಾಲೆತ್ತರದ ಮೆಟ್ಟಲುಗಳನ್ನು ಏದುತ್ತ ಹತ್ತಿ ಅಳಿಯಂದಿರ ಪಕ್ಕದಲ್ಲಿ ಕುಳಿತೆ. ಹೋಗುವವರಿಗೆ ಒಂದು ಸೂಚನೆ: ಬಾಗಿಲಲ್ಲಿ ಬಾಡಿಗೆಗೆ ಕೊಡುವ ದಿಂಬನ್ನು ತಪ್ಪದೆ ತೆಗೆದುಕೊಳ್ಳತಕ್ಕದ್ದು. ಹಗಲೆಲ್ಲ ಕಾದ ಕಲ್ಲು ಮಧ್ಯರಾತ್ರಿಯವರೆಗೂ ಬೆಚ್ಚಗಿರುತ್ತದೆ. ಮೈಗೆ ಬೀಸುವ ಗಾಳಿಯಾದರೋ ತಣ್ಣಗಾಗುತ್ತ ಬರುವುದರಿಂದ ಹೊದೆಯಲು ಒಂದು ಶಾಲೂ ಬೇಕು. ಸುತ್ತಲಿನವರು ರೊಟ್ಟಿ ಹಣ್ಣುಗಳನ್ನು ಬಿಚ್ಚಿ ತಿನ್ನುತ್ತಿದ್ದರು. ಮಗಳು ಕಟ್ಟಿಕೊಟ್ಟಿದ್ದ ಪುಳಿಯೋಗರೆ ನಮ್ಮ ಕಡೆಯಿಂದ. ಪಕ್ಕದ ಜರ್ಮನ್ ಕುಟುಂಬವೊಂದಕ್ಕೂ ಅದರ ರುಚಿ ದೊರೆಯಿತು. ಬಯಲಾಟಕ್ಕೆ ಚಾಪೆ ಹಾಸಿಕೊಂಡು ಕೂತ ಜನವೇ ಇದು, ಭಾಷೆ ಬೇರೆ.

ಮೂರನೆಯ ಅಂಕವು ನೈಲ್ ನದಿಯ ದಡದಲ್ಲಿ, ಬೆಳುದಿಂಗಳಿನಲ್ಲಿ. ಪಿಟೀಲುಗಳ ಸಣ್ಣ ಕಂಪನದ ಮೇಲೆ ಒಂದು ಕೊಳಲು. ಅಲ್ಲಿಂದ ನೋಡಿದರೆ ಆಯಿದಾ ನನ್ನ ಹೆಬ್ಬೆರಳಿನ ಉಗುರಿನಷ್ಟು. ಮುಖದ ಭಾವವೆಂಬುದು ಇಲ್ಲವೇ ಇಲ್ಲ. ಆ ಮಟ್ಟಿಗೆ ಭರತಮುನಿಯದು ಅಕ್ಷರಶಃ ಸತ್ಯ. ಆದರೆ ಆಕೆ ಬಾಯಿ ತೆರೆದೊಡನೆ ನಾನು ಬೆಚ್ಚಿದೆನು. ಕೆಳಗೆ ಅಷ್ಟು ಸಮೀಪದಲ್ಲಿ ಮೇಳದೊಳಗೆ ಅರೆಮುಳುಗಿದ್ದ ಆ ಕಂಠವು ಇಲ್ಲಿ ಬಿಡಿಬಿಡಿಯಾಗಿ, ತೊಳೆದಂತೆ, ನನ್ನ ಪಕ್ಕದಲ್ಲಿ ನಿಂತು ಹಾಡಿದಂತೆ ಬಂದಿತು. ಒಂದು ವಿಚಿತ್ರವನ್ನು ಮಾತ್ರ ಗಮನಿಸಿದೆ: ಭೇರಿಯವನ ಕೋಲು ಬಿದ್ದ ಮೇಲೆ ಒಂದು ರೆಪ್ಪೆ ಹೊಡೆಯುವಷ್ಟು ತಡೆದು ಸದ್ದು ಬರುತ್ತಿತ್ತು. ನೂರು ಮೀಟರು ದೂರವನ್ನು ದಾಟಲು ಶಬ್ದಕ್ಕೆ ಸೆಕೆಂಡಿನ ಮೂರರಲ್ಲೊಂದು ಪಾಲಿನಷ್ಟು ಕಾಲ ಬೇಕಷ್ಟೆ. ಆದುದರಿಂದಲೇ ಅಲ್ಲಿ ಹಾಡುವವರು ಕಿವಿಯನ್ನು ನೆಚ್ಚದೆ ನಾಯಕನ ಕೋಲನ್ನೇ ನೋಡಿಕೊಂಡಿರಬೇಕು.

ಇದು ಹೇಗೆ ಸಾಧ್ಯ? ಕಲ್ಲಿನ ಬಟ್ಟಲಿನಂತಿರುವ ಈ ಆಕಾರದಲ್ಲಿ ಒಬ್ಬರ ತಲೆ ಮತ್ತೊಬ್ಬರ ಕಿವಿಗೆ ಅಡ್ಡವಾಗದು. ಶಬ್ದವು ತಡೆಯಿಲ್ಲದೆ ಏರಿಬರುತ್ತದೆ. ಇದು ಅರ್ಧ ಉತ್ತರ. ಉಳಿದರ್ಧವನ್ನು ಸ್ವೀಡನ್ ದೇಶದ ಯೋಹಾನ್ ಸುಂಡ್‌ಬೆರ್ಗ್ ಎಂಬ ವಿದ್ವಾಂಸರು ೧೯೭೦ರ ದಶಕದಲ್ಲಿ ವಿವರಿಸಿದರು. ವಾದ್ಯಮೇಳದ ಬಲವೆಲ್ಲ ಸೆಕೆಂಡಿಗೆ ಐನೂರರ ಆಸುಪಾಸಿನ ಕಂಪನಗಳಲ್ಲಿರುತ್ತದೆ. ಅದರ ಮೇಲಕ್ಕೆ ಹೋದಂತೆ ಕುಗ್ಗುತ್ತದೆ. ಸಾಧನೆ ಮಾಡಿದ ಗಾಯಕನು, ಮುಖ್ಯವಾಗಿ ಗಂಡಸು, ಗಂಟಲಿನ ತಳದ ಆಕಾರವನ್ನು ಬದಲಾಯಿಸಿ ತನ್ನ ಧ್ವನಿಯ ಒಂದು ಪಾಲನ್ನು ಮೂರು ಸಾವಿರ ಕಂಪನಗಳ ಸುತ್ತ ಒಟ್ಟುಗೂಡಿಸುತ್ತಾನೆ. ಮೇಳವು ಬಿಟ್ಟುಕೊಟ್ಟ ಆ ತೆರಪಿನಿಂದ ಅದು ತೂರಿಬರುತ್ತದೆ. ಹೆಂಗಸರ ತಾರಸ್ವರಕ್ಕೆ ಬೇರೆ ಉಪಾಯ. ಸ್ವರವೇರಿದಂತೆ ಬಾಯನ್ನು ಅಗಲವಾಗಿ ತೆರೆದು ಆ ಸ್ವರಕ್ಕೇ ಬಲ ತುಂಬುತ್ತಾರೆ. ಬಲವನ್ನು ಬಲದಿಂದ ಎದುರಿಸದೆ ಸಂದನ್ನು ಹುಡುಕಿ ನುಸುಳುವ ಈ ವಿದ್ಯೆಗೆ ಹತ್ತು ಹನ್ನೆರಡು ವರ್ಷಗಳ ಅಭ್ಯಾಸ ಬೇಕು. ನಮ್ಮ ಹಳೆಯ ಭಾಗವತರು ತೆರೆದ ಗದ್ದೆಯಲ್ಲಿ ಚೆಂಡೆಯನ್ನು ಮೀರಿ ಕೇಳಿಸುತ್ತಿದ್ದುದನ್ನೂ ಯಾರಾದರೂ ಹೀಗೆ ಅಳೆದು ನೋಡಿದರೆ ಒಳ್ಳೆಯದು. ಮೈಕು ಬಂದ ಮೇಲೆ ನಾವು ಆ ವಿದ್ಯೆಯನ್ನು ಅನಾವಶ್ಯಕವೆಂದು ಕೈಬಿಡುತ್ತಿದ್ದೇವೆಂಬುದು ನನ್ನ ದೂರು.

ಕೆಳಕ್ಕೆ ಇಳಿಯಬೇಕೆಂದಿದ್ದೆ, ಮನಸ್ಸಾಗಲಿಲ್ಲ. ನಾಲ್ಕನೆಯ ಅಂಕದ ಕೊನೆಗೆ ರಂಗವು ಎರಡು ನೆಲೆಯಾಗುತ್ತದೆ. ಮೇಲೆ ದೇವಾಲಯ, ಕೆಳಗೆ ಗೋರಿ. ಭರತನೂ ನಾಟ್ಯಗೃಹವನ್ನು ‘ದ್ವಿಭೂಮಿ’ ಎಂದಿದ್ದಾನೆ. ಆ ಮಾತಿನ ಅರ್ಥದಲ್ಲಿ ಪಂಡಿತರಿಗೆ ವಿವಾದವುಂಟು. ಗೋರಿಯ ಬಾಗಿಲಿಗೆ ಬಂಡೆ ಬಿದ್ದ ಮೇಲೆ ಕಹಳೆಯಿಲ್ಲ, ಭೇರಿಯಿಲ್ಲ. ಇಷ್ಟು ದೊಡ್ಡ ಸೇನೆಯನ್ನು ಕರೆತಂದ ವೆರ್ದಿಯು ಅದನ್ನೆಲ್ಲ ಕಳುಹಿಸಿಬಿಟ್ಟು, ಕಡೆಗೆ ಎರಡು ಕಂಠಗಳನ್ನೂ ಕೆಲವು ಪಿಟೀಲುಗಳನ್ನೂ ಉಳಿಸಿಕೊಂಡಿದ್ದಾನೆ. ತಗ್ಗಿನಿಂದ ಒಂದೇ ನೆಗೆತಕ್ಕೆ ಮೇಲಣ ಸ್ವರವನ್ನು ಮುಟ್ಟಿ, ಅಲ್ಲಿಯೇ ತಡೆದು, ಮೆಲ್ಲನೆ ಇಳಿಯುವ ಒಂದು ಧಾಟಿ. ಅದನ್ನು ಮೊದಲು ಅವಳು, ಆಮೇಲೆ ಅವನು, ಬಳಿಕ ಇಬ್ಬರೂ ಕೂಡಿ ಹಾಡುತ್ತಾರೆ. ಒಂದೊಂದು ಸಲಕ್ಕೂ ಸಣ್ಣಗಾಗುತ್ತ ಹೋಗುತ್ತದೆ. ಸುತ್ತಲೂ ಸಾವಿರಾರು ಜನ, ಒಂದು ಕೆಮ್ಮಿಲ್ಲ. ಆ ಎಳೆ ಸಣ್ಣಗಾಗಿ ಸಣ್ಣಗಾಗಿ, ಎಲ್ಲಿ ಮುಗಿಯಿತೆಂದು ನನಗೆ ನಿಶ್ಚಯವಾಗಲಿಲ್ಲ. ಕೇಳುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ಕೆಳಗಣ ಮೊದಲ ಸಾಲಿನಲ್ಲಿತ್ತು. ಅಷ್ಟು ದೂರದಿಂದ ಯಾವ ತಲೆ ಯಾರದೆಂದು ತಿಳಿಯದು. ನನಗೇ ಇಷ್ಟು ಸಣ್ಣದಾಗಿ ಬಂದ ಸ್ವರವು ಆಕೆಯವರೆಗೆ ಹೋಗಿರಲಾರದೆಂದು ಎಣಿಸಿಕೊಂಡೆ.

ಹೊರಗೆ ಬರುವಾಗ ಹನ್ನೆರಡೂವರೆ ದಾಟಿತ್ತು. ‘ರೆಕ್ಕೆ’ಯ ಬುಡದಲ್ಲಿ ಸೇರುವುದೆಂದು ಮೊದಲೇ ಮಾತಾಗಿತ್ತು. ಮಗಳೂ ತಾಯಿಯೂ ನಮಗಿಂತ ಮುಂಚೆ ಬಂದು ನಿಂತಿದ್ದರು. ಯಂತ್ರವು ಇನ್ನೂ ಸೆರಗಿನ ಗಂಟಿನಲ್ಲಿಯೇ ಇತ್ತು.

“ಕಹಳೆ ಬಂದಾಗ ತೆಗೆದವಳು ಅಮ್ಮ ಮತ್ತೆ ಹಾಕಿಕೊಳ್ಳಲೇ ಇಲ್ಲ” ಎಂದಳು ಮಗಳು.

ಆಕೆ ನನ್ನನ್ನೇ ನೋಡುತ್ತ, ಕಿವಿ ಮಂದವಾದವರು ಮಾತನಾಡುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ, “ನೀವು ಅಷ್ಟು ಮೇಲೆ ಹೋಗಿ ಕೂತಿರಂತೆ. ಆ ಕೊನೆಯದು, ಗೋರಿಯೊಳಗಿನದು, ನಿಮಗೆ ಕೇಳಿಸಿತೆ?” ಎಂದು ಕೇಳಿದಳು.

ಕೇಳಿಸಿತೆಂದೆ.

“ಅವಳು ಮೇಲಿನ ಸ್ವರಕ್ಕೆ ಹೋದಾಗ ಎಲ್ಲಿಯೂ ಜಾರಿಸಲಿಲ್ಲ, ನೋಡಿ” ಎಂದಳು.

ವಸತಿಯ ದಾರಿಯಲ್ಲಿ ಆಮೇಲೆ ಆಕೆ ಹೆಚ್ಚು ಮಾತನಾಡಲಿಲ್ಲ. ಆದಿಜೆಯ ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ನನ್ನ ಶಲ್ಯವನ್ನು ಹೊದಿಸಿದೆ. ಅದರ ಅಂಚಿನ ಮೇಲೆ ಆಕೆಯ ಎಡಗೈ ಬೆರಳುಗಳು, ಒಂದು ಎಡೆಯಿಂದ ದೂರದ ಇನ್ನೊಂದು ಎಡೆಗೆ, ವೀಣೆಯ ಮೆಟ್ಟುಗಳನ್ನು ಹುಡುಕುತ್ತಿದ್ದುವು.